ಇನ್ನೂರು ಲೀಟರ್ ಕಡಲು

ಹೆಸರಿನ ಜೊತೆಗೇ ಸಂಖ್ಯೆಯನ್ನೂ ಹೊತ್ತುಕೊಂಡು ಬಂದ ಸೀಮೆ ನಮ್ಮದು. ನೊಳಂಬವಾಡಿ ಮೂವತ್ತೆರಡು ಸಾಸಿರ, ಗಂಗವಾಡಿ ತೊಂಬತ್ತಾರು ಸಾಸಿರ ಎಂದು ಶಾಸನಗಳು ನಾಡುಗಳನ್ನು ಕರೆದವು. ಆ ನೊಳಂಬರ ರಾಜಧಾನಿ ಹೆಂಜೇರು. ಅದೇ ಇವತ್ತಿನ ಹೇಮಾವತಿ, ಇರುವುದು ಆಂಧ್ರದ ಅಮರಾಪುರ ಮಂಡಲದಲ್ಲಿ. ಮೂರು ಕಡೆ ಕರ್ನಾಟಕ ಸುತ್ತಿಕೊಂಡಿರುವ ಮಡಕಶಿರಾ ಸೀಮೆಯ ಈ ಅಮರಾಪುರದಲ್ಲಿ ನೀರಿನ ಮಾತು ಬಂದರೆ ಬೋರ್‌ವೆಲ್ ಎಷ್ಟು ಅಡಿಗೆ ಇಳಿಯಿತು, ಎಷ್ಟು ಇಂಚು ನೀರು ಬಿತ್ತು ಎಂಬುದೇ ಮಾತು. ಇಂಥ ಊರಿನ ಒಂದು ಮನೆಯಲ್ಲಿ ಇನ್ನೂರು ಲೀಟರಿನ ಕಡಲನ್ನು, ಅದರೊಳಗೆ ಜೀವಂತ ಹವಳವನ್ನು ಇಡಬೇಕಾದರೆ ಏನೇನು ಬೇಕು? ಜರ್ಮನಿ, ಅಮೆರಿಕಗಳಲ್ಲಿ ಸಾವಿರಾರು ಜನ ಮನೆಯಲ್ಲಿ ಇದನ್ನೇ ಹವ್ಯಾಸ ಮಾಡಿಕೊಂಡಿದ್ದಾರೆ. ಅವರ ಲೆಕ್ಕವನ್ನು ಅಮರಾಪುರಕ್ಕೆ ತಂದು ಕೂಡಿ ಕಳೆದು ನೋಡಿದರೆ ಕಡಲು ನಮಗಾಗಿ ದಿನವೂ ಬಿಟ್ಟಿ ಮಾಡುವ ಕೆಲಸದ ಗಾತ್ರ ಎಷ್ಟೆಂದು ತಿಳಿಯುತ್ತದೆ.

ಮೊದಲು ನಕ್ಷೆ. ಅಮರಾಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಕ್ಷಾಂಶ ಹೆಚ್ಚುಕಡಿಮೆ 14.1 ಡಿಗ್ರಿ ಉತ್ತರ. ಅದೇ ಗೆರೆ ಹಿಡಿದು ಪಶ್ಚಿಮಕ್ಕೆ ಹೊರಟರೆ ಚಿತ್ರದುರ್ಗದ ಕೆಳಗೆ, ಸಾಗರದ ಪಕ್ಕದಲ್ಲಿ ಹಾದು, ಘಟ್ಟ ಇಳಿದು, ನೇರ ಮುರುಡೇಶ್ವರಕ್ಕೆ ತಲುಪುತ್ತೇವೆ. ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 270 ಕಿಲೋಮೀಟರ್. ಅಲ್ಲಿಂದ ದೋಣಿಯಲ್ಲಿ ಇಪ್ಪತ್ತು ಕಿಲೋಮೀಟರಿನೊಳಗೆ ನೇತ್ರಾಣಿ ಗುಡ್ಡ. ಅದರ ಬುಡದ ಬಂಡೆಗಳ ಮೇಲೆ ಹವಳ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ನೀರಿಗಿಳಿದದ್ದು ಅಲ್ಲೇ. ಒಂದೇ ಅಕ್ಷಾಂಶ, ಒಂದೇ ಸೂರ್ಯ. ಹಗಲು ಎಷ್ಟು ಉದ್ದವೆಂಬ ಲೆಕ್ಕದಲ್ಲಿ ನೇತ್ರಾಣಿಯ ಹವಳಕ್ಕೂ ಅಮರಾಪುರದ ಅಡಿಕೆ ಗಿಡಕ್ಕೂ ವರ್ಷದ ಯಾವ ದಿನವೂ ವ್ಯತ್ಯಾಸವೇ ಇಲ್ಲ.

ಇನ್ನು ತೊಟ್ಟಿ. ಒಂದು ಮೀಟರ್ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಇದ್ದರೆ ಇನ್ನೂರು ಲೀಟರ್ ಹಿಡಿಯುತ್ತದೆ. ಒಂದು ಕಿಲೋ ಕಡಲ ನೀರಿನಲ್ಲಿ 35 ಗ್ರಾಂ ಲವಣ. ಹಾಗಾಗಿ ಏಳು ಕಿಲೋ ಲವಣ ಬೇಕು. ಅಡುಗೆ ಉಪ್ಪು ಸುರಿದರೆ ಆಗುವುದಿಲ್ಲ. ಲೀಟರಿಗೆ ಕ್ಲೋರೈಡ್ 19 ಗ್ರಾಂ, ಸೋಡಿಯಂ ಸುಮಾರು 11 ಗ್ರಾಂ, ಮೆಗ್ನೀಷಿಯಂ 1,300 ಮಿಲಿಗ್ರಾಂ, ಕ್ಯಾಲ್ಸಿಯಂ 410, ಪೊಟ್ಯಾಷಿಯಂ 400, ಸ್ಟ್ರಾಂಷಿಯಂ 8, ಹೀಗೆ ಎಲ್ಲವೂ ತಮ್ಮ ತಮ್ಮ ಪಾಲಿನಲ್ಲೇ ಇರಬೇಕು. 1872ರಿಂದ 1876ರವರೆಗೆ ಚಾಲೆಂಜರ್ ಹಡಗು ಲೋಕದ ಕಡಲುಗಳನ್ನೆಲ್ಲ ಸುತ್ತಿ ತಂದ ನೀರಿನಲ್ಲಿ 77 ಮಾದರಿಗಳನ್ನು ವಿಲಿಯಂ ಡಿಟ್ಮಾರ್ ಎಂಬ ರಸಾಯನಶಾಸ್ತ್ರಜ್ಞ ಪರೀಕ್ಷಿಸಿದ. ನೀರು ಎಲ್ಲಿಯದೇ ಆಗಲಿ, ಉಪ್ಪು ಹೆಚ್ಚಿರಲಿ ಕಡಿಮೆಯಿರಲಿ, ಮುಖ್ಯ ಲವಣಗಳ ಪರಸ್ಪರ ಪ್ರಮಾಣ ಒಂದೇ ಎಂದು 1884ರಲ್ಲಿ ತೋರಿಸಿಕೊಟ್ಟ. ಇವತ್ತು ಚೀಲದಲ್ಲಿ ಮಾರುವ ಅಕ್ವೇರಿಯಂ ಉಪ್ಪು ನಿಂತಿರುವುದು ಈ ಸತ್ಯದ ಮೇಲೆ. ಕಡಲಿನ ಉಪ್ಪನ್ನೆಲ್ಲ ಬೇರ್ಪಡಿಸಿ ಭೂಮಿಯ ಒಣನೆಲದ ಮೇಲೆ ಸಮನಾಗಿ ಹರಡಿದರೆ ಐನೂರು ಅಡಿಗಿಂತ ದಪ್ಪದ ಪದರವಾಗುತ್ತದೆ. ಮುರುಡೇಶ್ವರದ ರಾಜಗೋಪುರ 237 ಅಡಿ. ಅಂಥ ಎರಡು ಗೋಪುರ ಒಂದರ ಮೇಲೊಂದು ನಿಲ್ಲಿಸಿದರೂ ಉಪ್ಪಿನಡಿ ಮುಚ್ಚಿಹೋಗುತ್ತವೆ. ಅದರಲ್ಲಿ ನಮ್ಮ ಪಾಲಿಗೆ ಏಳು ಕಿಲೋ.

ಉಪ್ಪು ಬೆರೆಸಲು ನೀರು ಬೇಕಲ್ಲ, ಅಲ್ಲಿ ಒಂದು ಕಹಿ ಸಂಖ್ಯೆ ಎದುರಾಗುತ್ತದೆ. ಕಡಲ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ಸುಮಾರು 1.3 ಮಿಲಿಗ್ರಾಂ. ಕುಡಿಯುವ ನೀರಿನಲ್ಲಿ ಇರಬಹುದಾದ ಗರಿಷ್ಠ ಮಿತಿ 1.5. ಅನಂತಪುರ ಸೀಮೆಯ, ಪಕ್ಕದ ಪಾವಗಡದ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರು ಈ ಮಿತಿಯನ್ನು ದಾಟಿದೆ. ಅಂದರೆ ನಮ್ಮ ಜನ ಕುಡಿದು ಹಲ್ಲು ಕಂದಿಸಿಕೊಂಡ, ಮಂಡಿ ಬಾಗಿಸಿಕೊಂಡ ನೀರಿನಲ್ಲಿ ಕಡಲಿಗಿಂತ ಹೆಚ್ಚು ಫ್ಲೋರೈಡ್ ಇದೆ. ಹಾಗಾಗಿ ತೊಟ್ಟಿಗೆ ಬೇಕಾದದ್ದು ಆರ್‌ಓ ನೀರು. ಮನೆಯ ಆರ್‌ಓ ಯಂತ್ರ ಒಂದು ಲೀಟರ್ ಶುದ್ಧ ನೀರು ಕೊಡಲು ಸುಮಾರು ಮೂರು ಲೀಟರ್ ಹೊರಗೆ ಬಿಡುತ್ತದೆ. ಇನ್ನೂರು ಲೀಟರ್ ತುಂಬಿಸಲು ಆರುನೂರು ಲೀಟರ್ ಚರಂಡಿಗೆ. ಜೈಸಲ್ಮೇರ್ ಬಿಟ್ಟರೆ ದೇಶದಲ್ಲೇ ಕಡಿಮೆ ಮಳೆಯ ಜಿಲ್ಲೆ ಎಂದು ಹೆಸರು ಹೊತ್ತ ಹಿಂದಿನ ಅನಂತಪುರ ಜಿಲ್ಲೆಯ ಈ ಸೀಮೆಯಲ್ಲಿ ಈ ಆರುನೂರು ಲೀಟರನ್ನು ಹಿತ್ತಲಿನ ತೊಳೆಯುವ ಕೆಲಸಕ್ಕೆ ತಿರುಗಿಸದೆ ಬಿಟ್ಟರೆ ಅದು ತಪ್ಪೇ ಸರಿ.

ತುಂಬಿದ ನೀರು ನಿಲ್ಲಬಾರದು. ಹವಳದ ದಿಬ್ಬದ ಮೇಲೆ ಅಲೆ ಬಿಡುವಿಲ್ಲದೆ ಹೊಯ್ಯುತ್ತದೆ. ಕವಲೊಡೆಯುವ ಗಟ್ಟಿ ಹವಳ ಬೆಳೆಸುವವರು ಗಂಟೆಗೆ ತೊಟ್ಟಿಯ ಇಪ್ಪತ್ತು ಪಟ್ಟಾದರೂ ನೀರು ತಿರುಗಿಸುತ್ತಾರೆ. 200ರ ಇಪ್ಪತ್ತು ಪಟ್ಟು 4,000. ದಿನಕ್ಕೆ 96,000 ಲೀಟರ್. ನಮ್ಮ ಕಡೆಯ 5,000 ಲೀಟರಿನ ಟ್ರಾಕ್ಟರ್ ಟ್ಯಾಂಕರ್ ಹತ್ತೊಂಬತ್ತು ಸಲ ಬಂದು ಹೋದಷ್ಟು ನೀರು ಮೂರಡಿ ಚಿಲ್ಲರೆ ಉದ್ದದ ಗಾಜಿನೊಳಗೆ ಪ್ರತಿ ದಿನ ಹರಿಯುತ್ತದೆ. ಅದು ನಿಂತರೆ? 26 ಡಿಗ್ರಿ ಬೆಚ್ಚನೆಯ ಕಡಲ ನೀರು ಲೀಟರಿಗೆ ಆರೂವರೆ ಮಿಲಿಗ್ರಾಂನಷ್ಟು ಮಾತ್ರ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. ಇಡೀ ತೊಟ್ಟಿಯಲ್ಲಿ ಕರಗಿರುವ ಆಮ್ಲಜನಕ ಒಟ್ಟು 1.3 ಗ್ರಾಂ. ಮೀನು, ಹವಳ, ಏಡಿ, ಸೂಕ್ಷ್ಮಜೀವಿ ಎಲ್ಲರೂ ಹಂಚಿಕೊಂಡು ಉಸಿರಾಡಬೇಕಾದದ್ದು ಅಷ್ಟನ್ನೇ. ರಾತ್ರಿ ಕರೆಂಟ್ ಹೋಗಿ ಪಂಪು ನಿಂತರೆ ಕೆಲವೇ ಗಂಟೆಗಳಲ್ಲಿ ತೊಟ್ಟಿ ಯಾಕೆ ಸಾಯುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಡ.

ಆ ಸೂಕ್ಷ್ಮಜೀವಿಗಳ ಸಂಖ್ಯೆಯೂ ಬೆರಗು ಹುಟ್ಟಿಸುವಂಥದ್ದು. ಒಂದು ಮಿಲಿಲೀಟರ್ ಕಡಲ ನೀರಿನಲ್ಲಿ ಸರಾಸರಿ ಹತ್ತು ಲಕ್ಷ ಬ್ಯಾಕ್ಟೀರಿಯಾ, ಅದರ ಹತ್ತು ಪಟ್ಟು ವೈರಸ್. ಅದೇ ಲೆಕ್ಕ ಹಿಡಿದರೆ ಇನ್ನೂರು ಲೀಟರಿನಲ್ಲಿ ಇಪ್ಪತ್ತು ಸಾವಿರ ಕೋಟಿ ಬ್ಯಾಕ್ಟೀರಿಯಾ, ಲೋಕದ ಜನಸಂಖ್ಯೆಯ ಇಪ್ಪತ್ತೈದು ಪಟ್ಟು. ತೊಟ್ಟಿ ತುಂಬಿದ ಕೂಡಲೇ ಮೀನು ಬಿಡಬಾರದು ಎನ್ನುವುದು ಈ ಬ್ಯಾಕ್ಟೀರಿಯಾಗಳ ಕಾರಣಕ್ಕೇ. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಒಂದು ಬಗೆಯವು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಈ ಎರಡೂ ಪಂಗಡ ಕಲ್ಲಿನ ಸಂದುಗಳಲ್ಲಿ ನೆಲೆನಿಂತು ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನವೂ ಖಾಲಿ ನೀರು ನೋಡುತ್ತ ಕೂರುವ ತಾಳ್ಮೆ ಇಲ್ಲದವರು ಈ ಹವ್ಯಾಸಕ್ಕೆ ಕೈಹಾಕಬಾರದು.

ಈಗ ಹವಳ. ದೂರದಿಂದ ಕಲ್ಲಿನಂತೆ, ಗಿಡದಂತೆ ಕಾಣುವ ಇದು ಪ್ರಾಣಿ. ಭೂತಗನ್ನಡಿ ಹಿಡಿದು ನೋಡಿದರೆ ಕಲ್ಲಿನ ಮೈತುಂಬ ಪುಟ್ಟ ಬಟ್ಟಲುಗಳು. ಒಂದೊಂದರಲ್ಲೂ ಒಂದೊಂದು ಪಾಲಿಪ್, ಅನೇಕ ಜಾತಿಗಳಲ್ಲಿ ಒಂದರಿಂದ ಮೂರು ಮಿಲಿಮೀಟರ್ ಅಗಲ. ನಡುವೆ ಬಾಯಿ, ಸುತ್ತ ಬಳ್ಳಿಯಂಥ ಕೈಗಳ ಬಳೆ. ಆ ಬಾಯಿಯೇ ಒಳಗೆ ತೆಗೆದುಕೊಳ್ಳುವ ದಾರಿ, ಅದೇ ಹೊರಗೆ ಹಾಕುವ ದಾರಿ. ಹಗಲು ಮುದುಡಿಕೊಂಡಿದ್ದು, ದೀಪ ಆರಿದ ಮೇಲೆ ಕೈ ಚಾಚಿ ನೀರಿನಲ್ಲಿ ತೇಲಿಬರುವ ಕಣಗಳನ್ನು ಹಿಡಿಯುತ್ತವೆ. ಆದರೆ ಹೊಟ್ಟೆ ತುಂಬುವುದು ಈ ಬೇಟೆಯಿಂದ ಅಲ್ಲ. ಪಾಲಿಪ್‌ನ ಮೈಯೊಳಗೆ ಏಕಕೋಶದ ಪಾಚಿಗಳು ಒಕ್ಕಲಾಗಿವೆ, ಚದರ ಸೆಂಟಿಮೀಟರಿಗೆ ಹತ್ತು ಲಕ್ಷದಿಂದ ಇಪ್ಪತ್ತು ಲಕ್ಷ. ಅಂಗೈಯಷ್ಟು ಹವಳ, ಅಂದರೆ ನೂರಿಪ್ಪತ್ತು ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ, ಕನಿಷ್ಠ ಹನ್ನೆರಡು ಕೋಟಿ ಪಾಚಿ. 2011ರ ಜನಗಣತಿಯಲ್ಲಿ ಕರ್ನಾಟಕ 6.11 ಕೋಟಿ, ಈಗಿನ ಆಂಧ್ರಪ್ರದೇಶ 4.96 ಕೋಟಿ. ನಮ್ಮ ಗಡಿಯ ಆಚೆ ಈಚೆಯ ಎರಡೂ ರಾಜ್ಯಗಳ ಜನರನ್ನು ಕೂಡಿದರೂ ಆ ಅಂಗೈಯನ್ನು ಮೀರುವುದಿಲ್ಲ. ಈ ಪಾಚಿಗಳು ಬಿಸಿಲಿನಿಂದ ಮಾಡಿದ ಆಹಾರದಲ್ಲಿ ಶೇ 90ರವರೆಗೂ ಹವಳಕ್ಕೆ ಒಪ್ಪಿಸುತ್ತವೆ. ಹವಳ ಬದಲಿಗೆ ಜಾಗ ಕೊಡುತ್ತದೆ, ತನ್ನ ಮೈಯ ಕಸವನ್ನು ಗೊಬ್ಬರವಾಗಿ ಕೊಡುತ್ತದೆ. ಹವಳದ ಕಂದು, ಹಸಿರು ಛಾಯೆ ಬರುವುದು ಬಹುಪಾಲು ಈ ಒಕ್ಕಲುಗಳಿಂದ.

ಹೀಗೆ ಉಂಡು ಹವಳ ಮಾಡುವ ಕೆಲಸ ಕಲ್ಲು ಕಟ್ಟುವುದು. ನನಗೆ ಇಡೀ ವಿಷಯದಲ್ಲಿ ಅತ್ಯಂತ ರುಚಿಸುವ ಲೆಕ್ಕ ಇಲ್ಲಿದೆ. ಇನ್ನೂರು ಲೀಟರ್ ಕಡಲ ನೀರಿನಲ್ಲಿರುವ ಕ್ಯಾಲ್ಸಿಯಂ ಒಟ್ಟು 82 ಗ್ರಾಂ. ಹವಳ ಚೆನ್ನಾಗಿ ಬೆಳೆಯುತ್ತಿರುವ ತೊಟ್ಟಿಯಲ್ಲಿ ದಿನಕ್ಕೆ ಮೂರೂವರೆ ಗ್ರಾಂ ಸುಣ್ಣಕಲ್ಲು ಹುಟ್ಟುವುದುಂಟು. ಅಷ್ಟು ಕಲ್ಲಿಗೆ ಬೇಕಾದ ಕ್ಯಾಲ್ಸಿಯಂ 1.4 ಗ್ರಾಂ. ಎರಡು ತಿಂಗಳೊಳಗೆ ನೀರಿನ ಕ್ಯಾಲ್ಸಿಯಂ ಪೂರ್ತಿ ಬರಿದಾಗುವ ಲೆಕ್ಕ ಇದು. ಜೊತೆಗೆ ಬೇಕಾದ ಕಾರ್ಬೊನೇಟ್ ಒಂದು ವಾರದಲ್ಲೇ ಮುಗಿಯುತ್ತದೆ. ಸಮುದ್ರದಲ್ಲಿ ಇದು ಗೊತ್ತಾಗುವುದೇ ಇಲ್ಲ, ಮುಂದಿನ ಅಲೆ ಮತ್ತೆ ತುಂಬುತ್ತದೆ. ಗಾಜಿನೊಳಗೆ ನಾವೇ ತುಂಬಬೇಕು.

ತುಂಬುವುದು ಹೇಗೆ? 1970ರ ದಶಕದಲ್ಲಿ ಪೀಟರ್ ವಿಲ್ಕೆನ್ಸ್ ಎಂಬ ಹವಳಪ್ರೇಮಿ ಬಳಕೆಗೆ ತಂದ ಉಪಾಯ ಸುಣ್ಣದ ತಿಳಿ. ಎಲೆ ಅಡಿಕೆಗೆ ಹಚ್ಚುವ ಅದೇ ಸುಣ್ಣದ ಶುದ್ಧ ಪುಡಿಯನ್ನು ನೀರಿಗೆ ಹಾಕಿ ಕದಡಿ ಬಿಟ್ಟರೆ ಲೀಟರಿಗೆ ಒಂದೂವರೆ ಗ್ರಾಂಗಿಂತ ತುಸು ಹೆಚ್ಚು ಕರಗುತ್ತದೆ, ಉಳಿದದ್ದು ಬಿಳಿಯಾಗಿ ತಳಕ್ಕೆ ಕೂರುತ್ತದೆ. ಮೇಲೆ ತೆಳುವಾದ ಕೆನೆ ಕಟ್ಟುತ್ತದೆ. ನಡುವಿನ ತಿಳಿಯನ್ನು ಮಾತ್ರ ಕೊಳವೆಯಿಂದ ತೊಟ್ಟು ತೊಟ್ಟಾಗಿ, ರಾತ್ರಿ ಹೊತ್ತು ತೊಟ್ಟಿಗೆ ಬಿಡಬೇಕು. ಅದರ ಪಿಎಚ್ 12 ದಾಟಿರುತ್ತದೆ. ಒಮ್ಮೆಗೇ ಸುರಿದರೆ ಜೀವಿಗಳೆಲ್ಲ ಸುಟ್ಟುಹೋಗುತ್ತವೆ. ಈಗ ಇನ್ನೊಂದು ಸಂಖ್ಯೆ ಪಕ್ಕಕ್ಕಿಡಿ. ಇಂಥ ತೊಟ್ಟಿಯಿಂದ ದಿನಕ್ಕೆ ಶೇ 1ರಿಂದ 2ರಷ್ಟು, ಅಂದರೆ ಎರಡರಿಂದ ನಾಲ್ಕು ಲೀಟರ್ ನೀರು ಆವಿಯಾಗುತ್ತದೆ. ಉಪ್ಪು ಆವಿಯಾಗುವುದಿಲ್ಲವಾದ್ದರಿಂದ ಸಿಹಿನೀರಿನಿಂದಲೇ ಅದನ್ನು ತುಂಬಬೇಕು. ಹವಳಕ್ಕೆ ದಿನಕ್ಕೆ ಬೇಕಾದ ಕ್ಯಾಲ್ಸಿಯಂ ಸಿಗುವುದು ಸುಮಾರು 1.6 ಲೀಟರ್ ಸುಣ್ಣದ ತಿಳಿಯಲ್ಲಿ. ಗಾಳಿ ಕುಡಿದ ನೀರಿನ ಜಾಗಕ್ಕೆ ಸುಣ್ಣದ ತಿಳಿ ಹಾಕಿದರೆ ಎರಡೂ ಕೊರತೆ ಒಟ್ಟಿಗೆ ತುಂಬುತ್ತವೆ. ಬಯಲುಸೀಮೆಯ ಒಣಗಾಳಿ ಹೆಚ್ಚು ನೀರು ಕುಡಿದಷ್ಟೂ ಹೆಚ್ಚು ಸುಣ್ಣ ಕೊಡುವ ಅವಕಾಶ. ವರ್ಷ ಮುಗಿಯುವ ಹೊತ್ತಿಗೆ ತೊಟ್ಟಿಯೊಳಗೆ 1.3 ಕಿಲೋ ಹೊಸ ಕಲ್ಲು ಎದ್ದಿರುತ್ತದೆ.

ವರ್ಷಕ್ಕೆ ಒಂದು ಕಿಲೋ ಚಿಲ್ಲರೆ ಕಡಿಮೆಯೆನಿಸಿದರೆ ಕಾಲವನ್ನು ಜೊತೆಗಿಟ್ಟು ಗುಣಿಸಿ. ಜ್ವಾಲಾಮುಖಿ ದ್ವೀಪ ಕುಸಿಯುತ್ತ ಹೋದಂತೆ ಅದರ ಅಂಚಿನ ಹವಳ ಮೇಲೆ ಮೇಲೆ ಬೆಳೆದು ಉಂಗುರವಾಗಿ ಉಳಿಯುತ್ತದೆ ಎಂದು ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಪುಸ್ತಕ ಬರೆದ. ನಂಬಿದವರು ಕೆಲವರು, ನಂಬದವರು ಹಲವರು. 1952ರಲ್ಲಿ ಶಾಂತ ಸಾಗರದ ಎನೆವೆಟಾಕ್ ಹವಳದ್ವೀಪದಲ್ಲಿ ಬೋರ್ ಕೊರೆದರು. 1,200 ಮೀಟರಿಗೂ ಹೆಚ್ಚು ಆಳ ಕಡಲಜೀವಿಗಳು ಕಟ್ಟಿದ ಸುಣ್ಣಕಲ್ಲೇ ಸಿಕ್ಕಿತು, ಅದರ ಕೆಳಗೆ ಜ್ವಾಲಾಮುಖಿಯ ಕಪ್ಪು ಕಲ್ಲು. ನೂರಾಹತ್ತು ವರ್ಷದ ಮೇಲೆ ಡಾರ್ವಿನ್ ಗೆದ್ದ. ಅಮರಾಪುರ ಕಡಲಿನಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡರಷ್ಟು ದಪ್ಪದ ಆ ಕಲ್ಲಿನ ರಾಶಿಗೆ ಹಿಡಿದ ಕಾಲ ಸುಮಾರು ಐದು ಕೋಟಿ ವರ್ಷ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ 2,300 ಕಿಲೋಮೀಟರ್ ಉದ್ದ. ಕನ್ಯಾಕುಮಾರಿಯಿಂದ ದೆಹಲಿಗೆ ನೇರ ಗೆರೆ ಎಳೆದರೆ ಅಷ್ಟೇ ದೂರ. 2024ರಲ್ಲಿ ಸಾಲೊಮನ್ ದ್ವೀಪಗಳ ಬಳಿ ಕಂಡ ಒಂದೇ ಒಂದು ಹವಳ 34 ಮೀಟರ್ ಅಗಲ, 32 ಮೀಟರ್ ಉದ್ದ, ಸುಮಾರು ಮುನ್ನೂರು ವರ್ಷದ್ದು. ಒಂದೇ ಮರಿಯಿಂದ ಕವಲೊಡೆದ ಸುಮಾರು ನೂರು ಕೋಟಿ ಪಾಲಿಪ್‌ಗಳು ಅದರಲ್ಲಿವೆ. ಹವಾಯಿಯ ಆಳದಲ್ಲಿ ಸಿಕ್ಕ ಕಪ್ಪು ಹವಳದ ವಯಸ್ಸು 4,265 ವರ್ಷ ಎಂದು 2009ರಲ್ಲಿ ಲೆಕ್ಕ ಹಾಕಿದರು. ಹೆಂಜೇರಿನಲ್ಲಿ ನೊಳಂಬರು ಗುಡಿ ಕಟ್ಟುವಾಗಲೇ ಅದಕ್ಕೆ ಮೂರು ಸಾವಿರ ವರ್ಷ ದಾಟಿತ್ತು.

ನಮ್ಮ ಹತ್ತಿರದ್ದು ಲಕ್ಷದ್ವೀಪ. 36 ದ್ವೀಪ ಸೇರಿ ಒಣನೆಲ ಬರೇ 32 ಚದರ ಕಿಲೋಮೀಟರ್, ಹವಳದ ಕಟ್ಟೆಯೊಳಗಿನ ತಿಳಿನೀರು 4,200 ಚದರ ಕಿಲೋಮೀಟರ್. ಅಲ್ಲಿನ ಅಮೀನಿ ಗುಂಪಿನ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು, ಆಡಳಿತ ಮಂಗಳೂರಿನಿಂದ ನಡೆಯುತ್ತಿತ್ತು. ಇನ್ನೂ ಹತ್ತಿರ ಬೇಕೆಂದರೆ ತಾಡಪತ್ರಿ, ಕಡಪ ಕಡೆಯ ಕಲ್ಲು. ನಮ್ಮ ಮನೆಗಳ ನೆಲಕ್ಕೆ, ಅಡುಗೆಮನೆಯ ಕಟ್ಟೆಗೆ ಹಾಸುವ ಕಡಪ ಕಲ್ಲು ಸುಣ್ಣಕಲ್ಲು. ಹವಳ ಎಂಬ ಜೀವಿ ಹುಟ್ಟುವುದಕ್ಕೂ ಎಷ್ಟೋ ಮೊದಲು ಇದೇ ರಾಯಲಸೀಮೆಯ ಮೇಲೆ ನಿಂತಿದ್ದ ಕಡಲಿನ ತಳದಲ್ಲಿ ಕೂತದ್ದು. ವೇಂಪಲ್ಲಿ ಸುತ್ತಿನ ಅದಕ್ಕಿಂತ ಹಳೆಯ ಸುಣ್ಣಕಲ್ಲಿನಲ್ಲಿ ಸುಮಾರು 190 ಕೋಟಿ ವರ್ಷದ ಹಿಂದೆ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಗುಮ್ಮಟಗಳು ಈಗಲೂ ಕಾಣುತ್ತವೆ. ಇಂದಿನ ಗಟ್ಟಿ ಹವಳಗಳ ವಂಶ ಶುರುವಾಗಿ ಸುಮಾರು 24 ಕೋಟಿ ವರ್ಷ ಮಾತ್ರ. ಕಡಲು ನಮ್ಮ ಸೀಮೆಗೆ ಅಪರಿಚಿತವಲ್ಲ, ಹೋಗಿ ಬಹಳ ಕಾಲವಾಯಿತು ಅಷ್ಟೆ.

ಕಡಲಿಲ್ಲದ ಕಡೆ ಹವಳ ಸಾಕುವ ಪ್ರಯತ್ನವೂ ಹಳೆಯದೇ. 1846ರಲ್ಲಿ ಅನ್ನಾ ಥಿನ್ ಎಂಬ ಮಹಿಳೆ ಇಂಗ್ಲೆಂಡಿನ ಟಾರ್ಕಿ ತೀರದಿಂದ ಹವಳಗಳನ್ನು ಲಂಡನ್ನಿನ ತನ್ನ ಮನೆಗೆ ತಂದಳು. ಪಂಪಿಲ್ಲದ ಕಾಲ. ದಿನವೂ ಅರ್ಧ ಮುಕ್ಕಾಲು ಗಂಟೆ ತೆರೆದ ಕಿಟಕಿಯ ಎದುರು ಆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಎತ್ತಿ ಸುರಿಯುವ ಕೆಲಸ ಮನೆಗೆಲಸದ ಹೆಣ್ಣುಮಗಳದಾಗಿತ್ತು. ಹೆಸರು ಅನ್ನಾ ಥಿನ್‌ಳದ್ದು ಉಳಿಯಿತು. ಹವಳವನ್ನು ಉಳಿಸಿದ ತೋಳು ಆ ಹೆಣ್ಣುಮಗಳದು. 1961ರಲ್ಲಿ ಇಂಡೊನೇಷ್ಯಾದ ಲೀ ಚಿನ್ ಎಂಗ್, ಜೀವಿಗಳಿಂದ ತುಂಬಿದ ಕಡಲಕಲ್ಲು ಮತ್ತು ಗಾಳಿಗುಳ್ಳೆ ಇದ್ದರೆ ತೊಟ್ಟಿ ತನ್ನಷ್ಟಕ್ಕೆ ಬದುಕುತ್ತದೆ ಎಂದು ಬರೆದು ತೋರಿಸಿದ. 1987ರಲ್ಲಿ ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಲ್ಲಿ 25 ಲಕ್ಷ ಲೀಟರಿನ ಹವಳದ ತೊಟ್ಟಿ ತೆರೆಯಿತು. 2013ರಲ್ಲಿ ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನವರು ಋತು, ಬೆಳಕು, ಹುಣ್ಣಿಮೆ ಅಮಾವಾಸ್ಯೆಗಳನ್ನೆಲ್ಲ ದೀಪ ಮತ್ತು ಕಂಪ್ಯೂಟರಿನಿಂದ ಅನುಕರಿಸಿ, ಕಡಲಿನಲ್ಲಿ ಹುಣ್ಣಿಮೆ ಕಳೆದ ರಾತ್ರಿಗಳಲ್ಲಿ ಮೊಟ್ಟೆ ಬಿಡುವ ಹವಳಗಳು ಗಾಜಿನೊಳಗೂ ಮೊಟ್ಟೆ ಬಿಡುವಂತೆ ಮಾಡಿದರು. ಲಂಡನ್ನಿನಲ್ಲಿ ಆದದ್ದು ಅಮರಾಪುರದಲ್ಲಿ ಆಗಬಾರದೆಂದೇನಿಲ್ಲ, ವಿಜ್ಞಾನದ ಮಟ್ಟಿಗೆ.

ಆದರೆ ಶಾಖದ ಲೆಕ್ಕ ಕಠಿಣ. ಹವಳಕ್ಕೆ 24ರಿಂದ 27 ಡಿಗ್ರಿ ಹಿತ. ತನ್ನ ಕಡಲಿನ ಬೇಸಗೆಯ ತುತ್ತತುದಿಗಿಂತ ಒಂದೇ ಒಂದು ಡಿಗ್ರಿ ಹೆಚ್ಚಾಗಿ ನಾಲ್ಕು ವಾರ ನಿಂತರೆ ಅದು ಒಕ್ಕಲು ಪಾಚಿಗಳನ್ನು ಹೊರಹಾಕಿ ಬಿಳಿಚುತ್ತದೆ. ಎಂಟು ವಾರವಾದರೆ ಸಾಯತೊಡಗುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಿನಲ್ಲಿ ಹೊರಗೆ 40 ಡಿಗ್ರಿ. ಹಗಲಿರುಳು ನೀರು ತಂಪು ಮಾಡುವ ಚಿಲ್ಲರ್ ಇಲ್ಲದೆ ಒಂದು ಬೇಸಗೆಯನ್ನೂ ದಾಟಲಾಗದು. ಇಷ್ಟು ಹೇಳಿ ತೊಟ್ಟಿಯ ಮಾತು ಮುಗಿಸಬಹುದಿತ್ತು, ಆದರೆ ಚಿಲ್ಲರ್ ಇಲ್ಲದ ದೊಡ್ಡ ಕಡಲಿನ ಸ್ಥಿತಿಯೂ ಅದೇ. ಲಕ್ಷದ್ವೀಪದ ಹವಳ 1998ರಲ್ಲಿ, 2010ರಲ್ಲಿ, 2016ರಲ್ಲಿ ಬಿಳಿಚಿತು, 2024ರಲ್ಲಿ ಮತ್ತೆ. 2023ರ ಜನವರಿಯಿಂದ ಶುರುವಾದ ಈಚಿನ ಸುತ್ತಿನಲ್ಲಿ ಲೋಕದ ಹವಳದ ದಿಬ್ಬಗಳಲ್ಲಿ ಶೇ 84ರಷ್ಟಕ್ಕೆ ಬಿಳಿಚುವ ಮಟ್ಟದ ಶಾಖ ತಟ್ಟಿದೆ. ಕಡಲ ತಳದ ಶೇ 1ಕ್ಕಿಂತ ಕಡಿಮೆ ಜಾಗದಲ್ಲಿದ್ದು ಕಡಲಜೀವಿ ಜಾತಿಗಳ ಕಾಲುಭಾಗಕ್ಕೆ ಆಸರೆಯಾದ ದಿಬ್ಬಗಳು ಇವು.

ಹೀಗಿರುವಾಗ ಒಂದು ತುಂಡನ್ನೂ ಕಡಲಿನಿಂದ ಕೀಳುವ ಹಕ್ಕು ನಮಗಿಲ್ಲ ಎಂಬುದು ನನ್ನ ತೀರ್ಮಾನ, ದೇಶದ ಕಾನೂನಿನದೂ ಅದೇ. ಬಂಡೆ ಕಟ್ಟುವ ಎಲ್ಲ ಗಟ್ಟಿ ಹವಳ, ಕಪ್ಪು ಹವಳ, ಆರ್ಗನ್ ಪೈಪ್ ಹವಳ, ಬೆಂಕಿ ಹವಳ, ಕಡಲ ಬೀಸಣಿಗೆ ಇವನ್ನೆಲ್ಲ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟಕ್ಕೆ ಸೇರಿಸಲಾಯಿತು. ಹುಲಿ ಇರುವುದು ಅದೇ ಪಟ್ಟಿಯಲ್ಲಿ. ಶಿಕ್ಷೆ ಮೂರರಿಂದ ಏಳು ವರ್ಷ ಸೆರೆ, ಕನಿಷ್ಠ 25,000 ರೂಪಾಯಿ ದಂಡ.

ಕಡಲನ್ನು ಮನೆಯಲ್ಲಿ ನೋಡುವ ಆಸೆ ತಪ್ಪಲ್ಲ. ಸುಟ್ಟ ಮಣ್ಣಿನಿಂದ ಮಾಡಿದ ರಂಧ್ರಗಳ ಕಲ್ಲು, ಏಳು ಕಿಲೋ ಉಪ್ಪು, ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಒಂದು ಜೋಡಿ ಕ್ಲೌನ್ ಮೀನು ಸಾಕು. ಈ ಮೀನನ್ನು ತೊಟ್ಟಿಯಲ್ಲಿ ಮರಿಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ವಿಜ್ಞಾನಿಗಳು ರೂಪಿಸಿದ್ದಾರೆ, ಲಕ್ಷದ್ವೀಪದ ಅಗತ್ತಿಯಲ್ಲಿ ಹೆಣ್ಣುಮಕ್ಕಳು ಅಲಂಕಾರಿಕ ಮೀನು, ಸೀಗಡಿ ಸಾಕಣೆ ಕಲಿತಿದ್ದಾರೆ. ಬೆಂಗಳೂರಿನ ಯಾವುದಾದರೂ ಅಂಗಡಿಯಲ್ಲಿ ಗೇಣಗಲದ ಗುಂಡು ಹವಳ ತೋರಿಸಿ ಬೆಲೆ ಹೇಳಿದರೆ ಅದರ ವಯಸ್ಸು ಲೆಕ್ಕ ಹಾಕಿ: ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದಿದ್ದರೂ ಹತ್ತು ವರ್ಷ ದಾಟಿದ್ದು, ಮೂರು ಮಿಲಿಮೀಟರಿನಂತೆ ಬೆಳೆದಿದ್ದರೆ ಮೂವತ್ತು ದಾಟಿದ್ದು. ಅದನ್ನು ಕೊಳ್ಳಬೇಡಿ, ಅರಣ್ಯ ಇಲಾಖೆಗೆ ತಿಳಿಸಿ.